ಪಿಂಜಾರ ಮೌಲಪ್ಪನ ಮೆಹಮಾನ

ಪಿಂಜಾರ ಮೌಲಪ್ಪನಿಗೆ ಬೆಳಿಗ್ಗೆ ನಲವತ್ತೈದು ವರ್ಷ, ಸಂಜೆಗೆ ಎಂಬತ್ತು. ಸುಳ್ಳಲ್ಲ. ಬೆಳಿಗ್ಗೆ ಹತ್ತಿ ಹಿಂಜುವ ಕಮಾನನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಓಣಿಗೆ ಬರುವಾಗ ಅವನ ಮೀಸೆ ಇದ್ದಿಲಿನಷ್ಟು ಕಪ್ಪಗಿರುತ್ತಿತ್ತು. ದಿನವಿಡೀ ಹತ್ತಿ ಹಿಂಜಿ ಸಂಜೆ ಎದ್ದು ನಿಂತನೆಂದರೆ ಮೀಸೆ, ಹುಬ್ಬು, ರೆಪ್ಪೆ, ಕಿವಿಯೊಳಗಿನ ಕೂದಲು ಕೂಡ ಬೆಳ್ಳಗೆ. ಗೊತ್ತಿಲ್ಲದವರು ಯಾರೋ ವಯಸ್ಸಾದವರೆಂದು ಕೈಮುಗಿಯುತ್ತಿದ್ದರು. ಬಾವಿಕಟ್ಟೆಯಲ್ಲಿ ಎರಡು ಕೊಡ ನೀರು ಸುರುವಿಕೊಂಡರೆ ಮತ್ತೆ ಹರೆಯ. "ನೋಡಲೇ ಬಸ್ಯಾ, ನಾ ದಿನಾ ಮುದುಕಾಗಿ ದಿನಾ ಹುಟ್ಟಾವ. ನಿನಗ ಒಂದ ಸಲ ಮುದುಕ ಆಗೋ ಯೋಗ," ಎಂದು ನನ್ನನ್ನು ಆಡಿಕೊಳ್ಳುತ್ತಿದ್ದ. ಆ ಯೋಗ ನನಗೆ ಬಂದು ಬಹಳ ವರ್ಷಗಳಾದವು. ಎಷ್ಟು ಕೊಡ ನೀರು ಸುರುವಿಕೊಂಡರೂ ಹೋಗುತ್ತಿಲ್ಲ.

ಅವನ ಬಗ್ಗೆ ಬರೆಯುವ ಮೊದಲು ನನ್ನ ಬಗ್ಗೆ ಸ್ವಲ್ಪ ಹೇಳಿಕೊಳ್ಳುತ್ತೇನೆ. ಬೇರೆ ಯಾರೂ ಹೇಳುವವರು ಉಳಿದಿಲ್ಲ. ಆ ಕಾಲದಲ್ಲಿ ರಾಯಚೂರು ಸ್ಟೇಷನ್ನಿನಿಂದ ಕೋಟೆಯವರೆಗೆ ನನ್ನ ಕೈಗೆ ಸಿಕ್ಕು ಬೇಸ್ತು ಬೀಳದ ಮನುಷ್ಯನಿರಲಿಲ್ಲ. ಕಚೇರಿಯ ಕಾರಕೂನನ ನಶ್ಯದ ಡಬ್ಬಿಯಲ್ಲಿ ಮೆಣಸಿನಪುಡಿ ಬೆರೆಸಿದವನು ನಾನು. ಮಠದ ಮುಂದೆ ಬಿಟ್ಟ ನಲವತ್ತು ಜೊತೆ ಚಪ್ಪಲಿಗಳನ್ನು ಎಡಗಾಲಿನವು ಒಂದು ಕಡೆ, ಬಲಗಾಲಿನವು ಒಂದು ಕಡೆ ರಾಶಿ ಹಾಕಿದವನೂ ನಾನೇ. ಇಪ್ಪತ್ತೆರಡರ ಹರೆಯ, ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಗಾಡಿಗಳನ್ನು ಒಳಗೆ ಬಿಡುವ ನೌಕರಿ, ಮನೆಯಲ್ಲಿ ಬೈಯುವುದಕ್ಕೆ ಅವ್ವ. ಇನ್ನೇನು ಬೇಕು?

ಯುದ್ಧದ ಕಾಲ ಅದು. ಬಟ್ಟೆಗೆ ಬರ ಬಂದಿತ್ತು. ಹೊಸ ಗಾದಿ ಹೊಲಿಸುವವರು ಯಾರೂ ಇಲ್ಲ, ಹಳೆಯ ಗಾದಿ ಬಿಚ್ಚಿ ಅದರೊಳಗಿನ ಗಂಟುಗಂಟಾದ ಹತ್ತಿಯನ್ನೇ ಮತ್ತೆ ಹಿಂಜಿಸಿ ತುಂಬಿಸುವವರೇ ಎಲ್ಲರೂ. ಹಾಗಾಗಿ ಮೌಲಪ್ಪನಿಗೆ ಕೈತುಂಬ ಕೆಲಸ. ರಾಯಚೂರಿನಿಂದ ಕಲ್ಮಲ, ಮಾನ್ವಿ, ಅಲ್ಲಿಂದ ದೇವದುರ್ಗ, ಮತ್ತೆ ರಾಯಚೂರು, ಹೀಗೆ ನಡೆದೇ ಸುತ್ತುತ್ತಿದ್ದ. ಯಾರದೋ ಅಂಗಳದಲ್ಲಿ ಕಮಾನು ತೂಗುಹಾಕಿ, ಅದರ ನರದ ದಾರವನ್ನು ಹತ್ತಿಗೆ ತಾಗಿಸಿ, ಕಟ್ಟಿಗೆಯ ಕೊಡತಿ ಎತ್ತಿ ಹೊಡೆದನೆಂದರೆ 'ಟಂಯ್ಞ್' ಎಂದು ಓಣಿಯೆಲ್ಲ ನಡುಗುತ್ತಿತ್ತು. ಕಲ್ಲಿನಂತಿದ್ದ ಹತ್ತಿ ಮೋಡವಾಗಿ ಏಳುತ್ತಿತ್ತು. ಆ ಮೋಡವನ್ನು ಇಪ್ಪತ್ತೈದು ವರ್ಷ ನುಂಗಿ ಅವನ ಎದೆಯಲ್ಲಿ ಕೆಮ್ಮು ಮನೆ ಮಾಡಿತ್ತು.

ನಾಯಿ ಸಿಕ್ಕಿದ್ದು ನಮ್ಮ ಮಿಲ್ಲಿನಲ್ಲಿ. ಒತ್ತಿ ಕಟ್ಟಿದ ಹತ್ತಿ ಮೂಟೆಗಳ, ಅಂಡಿಗೆಗಳ ಹಿಂದಿನ ಸಂದಿಯಲ್ಲಿ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು. ಕೊರಳಲ್ಲಿ ಯಾರೋ ಕಟ್ಟಿದ ಹಗ್ಗ ಚರ್ಮಕ್ಕೆ ಇಳಿದಿತ್ತು, ಒಂದು ಕಿವಿ ಹರಿದಿತ್ತು. ಹಮಾಲರಿಬ್ಬರು ಬಡಿಗೆ ಹಿಡಿದು ನಿಂತಿದ್ದರು. ಚೂರುಪಾರು ಹತ್ತಿ ಆರಿಸಲು ಬಂದಿದ್ದ ಮೌಲಪ್ಪ ನೋಡಿದ. ತನ್ನ ಕಮಾನನ್ನು ಸಂದಿಗೆ ಅಡ್ಡ ಇಟ್ಟ.

"ಸರೀರಿ. ಇದು ನನ್ನ ಸರಕು."

"ನಾಯೀನೂ ಹಿಂಜತೀಯೇನು ಮೌಲಪ್ಪಾ?" ಎಂದೆ ನಾನು. ಎಲ್ಲರೂ ನಕ್ಕರು. ನನ್ನ ಮಾತಿಗೆ ನಗದವರು ಆ ಮಿಲ್ಲಿನಲ್ಲಿ ಇರಲಿಲ್ಲ.

"ಹೌದಲೇ. ಇದರಾಗೂ ಭಾಳ ಗಂಟು ಅದಾವ," ಎಂದ. ಹತ್ತಿ ತುಂಬುವ ಚೀಲದಲ್ಲಿ ಅದನ್ನು ಇಳಿಸಿ ಮಾನ್ವಿ ರಸ್ತೆಯ ಅಂಚಿನ ತನ್ನ ಒಂಟಿ ಕೋಣೆಗೆ ಹೊತ್ತುಕೊಂಡು ಹೋದ. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದ. ಕೋಣೆಯಲ್ಲಿ ಜಾಗವಿತ್ತು.

ಮೌಲಪ್ಪ ಅದಕ್ಕೆ ಮೆಹಮಾನ, ಅಂದರೆ ಅತಿಥಿ, ಎಂದು ಹೆಸರಿಟ್ಟ. ಆದರೆ ಒಂದು ದಿನವೂ ಆ ಹೆಸರು ಹಿಡಿದು ಕರೆಯಲಿಲ್ಲ. ನಾನು ಒಮ್ಮೆ ಅವನ ಕೋಣೆಯ ಮುಂದೆ ನಿಂತು ಶಿಳ್ಳೆ ಹಾಕಿದ್ದಕ್ಕೆ, "ಮನೀಗೆ ಬಂದ ಮೆಹಮಾನರನ್ನ ಶಿಳ್ಳಿ ಹೊಡ್ದು ಕರೀತಾರೇನಲೇ? ಅವರಿಗೆ ಬರಬೇಕು ಅನಿಸಿದಾಗ ಬರತಾರ," ಎಂದು ಬೈದ.

ಫಜೀತಿ ಏನೆಂದರೆ, ಆ ನಾಯಿ ಮನುಷ್ಯ ಕೈ ಎತ್ತಿದರೆ ಸಾಕು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಮೌಲಪ್ಪನ ಕಸುಬೋ ಬೆಳಗಿನಿಂದ ಸಂಜೆಯವರೆಗೆ ಕೈ ಎತ್ತಿ ಹೊಡೆಯುವುದು! ಊರಿನಲ್ಲಿ ಇಷ್ಟು ಜನರಿದ್ದಾರೆ, ಹೋಗಿ ಹೋಗಿ ಪಿಂಜಾರನ ಪಾಲಿಗೆ ಬಂತಲ್ಲ ಎಂದು ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೌಲಪ್ಪ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಹೊಡೆಯುವ ರೀತಿಯನ್ನೇ ಬದಲಾಯಿಸಿಕೊಂಡ. ಇಪ್ಪತ್ತೈದು ವರ್ಷ ಭುಜದ ಮೇಲಿಂದ ಇಳಿಯುತ್ತಿದ್ದ ಕೊಡತಿ ಈಗ ಸೊಂಟದ ಮೇಲೆ ಏಳದಾಯಿತು. ಚಕ್ಕಳಮಕ್ಕಳ ಕೂತು, ಮಗುವಿಗೆ ಚುಕ್ಕು ತಟ್ಟುವ ಹಾಗೆ ಮೆಲ್ಲಗೆ ತಟ್ಟುವನು. 'ಟಂಯ್ಞ್' ಹೋಗಿ 'ಟುಂಯ್' ಆಯಿತು. ಒಂದು ದಿನದ ಕೆಲಸಕ್ಕೆ ಎರಡು ದಿನ ಹಿಡಿಯುತ್ತಿತ್ತು. ಗಾದಿ ಕೊಟ್ಟವರು ಬೈಯುತ್ತಿದ್ದರು. ಅವನು ಮಾತ್ರ ತಿಂಗಳಿಗೆ ಒಂದು ಗೇಣಿನಂತೆ ಕೈಯನ್ನು ಮೇಲೇರಿಸುತ್ತ ಹೋದ. ನಾಯಿ ಮೊದಲು ಗೋಡೆಯ ಆಚೆ, ಆಮೇಲೆ ಬಾಗಿಲಲ್ಲಿ, ಆಮೇಲೆ ಹತ್ತಿ ರಾಶಿಯ ಹಿಂದೆ. ಕಡೆಗೆ ಆ ಟುಂಯ್ ಟುಂಯ್ ಇಲ್ಲದಿದ್ದರೆ ಅದಕ್ಕೆ ನಿದ್ದೆಯೇ ಬರದಂತಾಯಿತು.

ಆದರೆ ಅವನ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ಒಂದು ಚೂರು ರೊಟ್ಟಿ ಮುಟ್ಟುತ್ತಿರಲಿಲ್ಲ. ಕೆಮ್ಮು ಹೆಚ್ಚಾಗಿ ಮೌಲಪ್ಪ ಎರಡು ದಿನ ಮಲಗಿದಾಗ ಅದೂ ಎರಡು ದಿನ ಉಪವಾಸ. ಅವನು ಎದ್ದ ಮೇಲೆ ನಮ್ಮ ಕಟ್ಟೆಗೆ ಬಂದು ಕೂತ. ಆ ಮುಖದಲ್ಲಿ ಅಷ್ಟು ಕಳವಳವನ್ನು ನಾನು ನೋಡಿದ್ದು ಅದೇ ಮೊದಲು.

"ನನ್ನ ಎದಿ ನನಗ ಗೊತ್ತದ, ಯವ್ವಾ," ಎಂದ ನಮ್ಮ ಅವ್ವನಿಗೆ. "ನಾ ಭಾಳ ದಿನದಾವಲ್ಲ. ನಾ ಹೋದ ಮ್ಯಾಲ ಇದು ಯಾರ ಕೈಯಾಗಿನ ತುತ್ತು ತಿಂತದ? ಹಸಿದು ನನ್ನ ಗೋರಿ ಮ್ಯಾಲೆ ಬಿದ್ದು ಸಾಯಾಕ ಉಳಿಸಿದೆನೇನು ನಾ?"

ಅಂದಿನಿಂದ ಶುರುವಾಯಿತು ಅವನ ಹೊಸ ಕಾನೂನು. ಮೌಲಪ್ಪನಿಂದ ಹತ್ತಿ ಹಿಂಜಿಸಬೇಕೆಂದರೆ ಆ ಮನೆಯವರು ನಾಯಿಗೆ ಬೆನ್ನು ಹಾಕಿ ಕೂರಬೇಕು. ನೋಡಬಾರದು, ಕರೆಯಬಾರದು. ಒಂದು ಕೈಯನ್ನು ನೆಲಕ್ಕಿಟ್ಟು ಅಂಗೈಯಲ್ಲಿ ರೊಟ್ಟಿ ಚೂರು ಹಿಡಿದು ಸುಮ್ಮನಿರಬೇಕು. ನಮ್ಮ ಸೀಮೆಯಲ್ಲಿ ಮನೆಗೆ ಬಂದವರಿಗೆ ಬೆನ್ನು ತೋರಿಸುವುದಕ್ಕಿಂತ ದೊಡ್ಡ ಅಪಮಾನವಿಲ್ಲ. ಅಂಥಾದ್ದರಲ್ಲಿ ಮೆಹಮಾನ ಎಂದು ಹೆಸರಿಟ್ಟು, ಅದಕ್ಕೆ ಇಡೀ ಜಿಲ್ಲೆಯೇ ಬೆನ್ನು ತೋರಿಸುವಂತೆ ಮಾಡಿದವನು ಇವನು.

ದೇವದುರ್ಗದ ನನ್ನ ಸೋದರಮಾವ ದೊಡ್ಡ ಸಾಹುಕಾರ. ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲಿಸುತ್ತೇನೆ ಎನ್ನುವ ಆಸಾಮಿ. ಮಗಳ ಮದುವೆಗೆ ಗಾದಿಗಳನ್ನು ಹಿಂಜಿಸಲು ಮೌಲಪ್ಪನನ್ನು ಕರೆಸಿದ್ದ. ನಾನೂ ಹೋಗಿದ್ದೆ, ಮೋಜು ನೋಡುವುದಕ್ಕೆಂದೇ.

"ನಾನು? ನಾಯಿಗೆ ಬೆನ್ನು ಹಾಕಿ ಕುಂದ್ರಬೇಕಾ?" ಮಾವನ ಕಣ್ಣು ಕೆಂಪಾದವು.

"ಮುಖ ನೋಡಿದ್ರ ಅಂಜತದ್ರೀ ಸಾವ್ಕಾರ್ರ," ಎಂದ ಮೌಲಪ್ಪ, ಅಷ್ಟೇ ವಿನಯದಿಂದ. "ನಿಮ್ಮನ್ನ ಮುಂದಿಂದ ನೋಡಿ ಅಂಜಲಾರದವ್ರು ಈ ಊರಾಗ ಯಾರದಾರ ಹೇಳ್ರಿ?"

ಒಳಗೆ ಅತ್ತೆ ಕಿಸಕ್ಕನೆ ನಕ್ಕಳು. ಬೈಗುಳವೋ ಹೊಗಳಿಕೆಯೋ ತಿಳಿಯದೆ ಮಾವ ಕೂತ. ಮೊದಲ ದಿನ ಸಿಟ್ಟಿನಿಂದ ಕೂತ, ಎರಡನೆಯ ದಿನ ಹಟದಿಂದ. ಮೂರನೆಯ ದಿನ ತಾನೇ ಬೆಳಿಗ್ಗೆ ರೊಟ್ಟಿ ಕೇಳಿ ತೆಗೆದುಕೊಂಡು ಬಂದು ಕೂತ. ಹೊಲದ ಗಡಿ ಜಗಳ ತೀರಿಸಿಕೊಳ್ಳಲು ಬಂದ ಇಬ್ಬರು ರೈತರು ಸಾಹುಕಾರನ ಬೆನ್ನು ನೋಡುತ್ತ ನಿಂತರು.

"ಸುಮ್ಕಿರ್ರಲೇ," ಎಂದು ಪಿಸುಗುಟ್ಟಿದ ಮಾವ, ಅಲುಗಾಡದೆ. "ಬರಾಕತ್ತದ. ಉಸುರು ಕೇಳ್ತದ."

ಬಂತು. ರೊಟ್ಟಿ ಚೂರು ಎತ್ತಿಕೊಂಡು ಓಡಿತು. ಮಾವ ಎದ್ದು ನಿಂತು ತನ್ನ ಅಂಗೈಯನ್ನೇ ನೋಡಿಕೊಂಡ. ಆ ಸಂಜೆ ಊರ ತುಂಬ, "ನನ್ನ ಕೈಯಾಗ ತಿಂತೋ, ನನ್ನ ಕೈಯಾಗ!" ಎಂದು ಹೇಳಿಕೊಂಡು ತಿರುಗಿದ. ಗಡಿ ಜಗಳದವರು ಏನಾದರೋ ಗೊತ್ತಿಲ್ಲ. ಹೀಗೆ ಮಾನ್ವಿಯಲ್ಲಿ ಒಬ್ಬ ಮಾಸ್ತರರು, ಕಲ್ಮಲದಲ್ಲಿ ಒಬ್ಬ ಅಜ್ಜಿ, ಒಬ್ಬೊಬ್ಬರಾಗಿ ನಾಯಿಯ ಲೆಕ್ಕಕ್ಕೆ ಮನುಷ್ಯರಾದರು.

ಇನ್ನು ನನ್ನ ಪರಾಕ್ರಮ. ಬರೆಯಲೇಬೇಕು.

ನಮ್ಮ ಮನೆಯ ಆರು ಗಾದಿಗಳನ್ನು ಬಿಚ್ಚಿ ಹಿಂಜುತ್ತಿದ್ದ. ಅಂಗಳದಲ್ಲಿ ಆಳೆತ್ತರದ ಹತ್ತಿ ರಾಶಿ. ಮೆಹಮಾನ ಅವ್ವನ ಕಾಲ ಬುಡದಲ್ಲಿ ಮಲಗಿತ್ತು. ಅವ್ವ ತೊಗರಿಕಾಯಿ ಸುಲಿಯುತ್ತಿದ್ದಳು. ಬೇರೆ ಮನೆಯಲ್ಲಿ ಅದು ಹೊಟ್ಟೆ ಮೇಲೆ ಮಾಡಿ ಮಲಗಿದ್ದು ಅದೇ ಮೊದಲೆಂದು ಮೌಲಪ್ಪ ನನಗೆ ಕಣ್ಣಲ್ಲೇ ತೋರಿಸಿ, ಉಣ್ಣಲು ಕೈ ತೊಳೆಯಲು ಹೋದ. ನನ್ನ ತಲೆಯಲ್ಲಿ ಹುಳು ಎದ್ದಿತು. ಪಪ್ಪಾಯಿ ಎಲೆಯ ಟೊಳ್ಳು ದಂಟೊಂದನ್ನು ಉಸಿರಾಡಲು ಬಾಯಲ್ಲಿ ಹಿಡಿದು ರಾಶಿಯೊಳಗೆ ಹೊಕ್ಕೆ. (ಆ ದಂಟಿನ ಉಪಾಯ ನನ್ನದೇ, ಯಾರೂ ಹೇಳಿಕೊಟ್ಟಿದ್ದಲ್ಲ.) ಮೌಲಪ್ಪ ಉಂಡು ಬಂದು ಕೂತ. ಕೊಡತಿ ಎತ್ತಿದ. ನಾನು ಎರಡೂ ಕೈ ಮೇಲೆತ್ತಿ, ಮೈಯೆಲ್ಲ ಬೆಳ್ಳಗೆ, "ಹಾ!" ಎಂದು ಎದ್ದು ನಿಂತೆ.

ಹೆದರಿಸಬೇಕೆಂದಿದ್ದು ಮೌಲಪ್ಪನನ್ನು. ಅವನು ಹೆದರಲಿಲ್ಲ.

ನಾಯಿ ಕಿರುಚಿದ ರೀತಿಯನ್ನು ನಾನು ಆಮೇಲೆ ಯಾವ ಪ್ರಾಣಿಯ ಬಾಯಲ್ಲೂ ಕೇಳಿಲ್ಲ. ಕೊಡಕ್ಕೆ ಬಡಿಯಿತು, ಹೊಸ್ತಿಲಿಗೆ ಬಡಿಯಿತು, ಬಾಗಿಲಿನಾಚೆ ಮಾಯವಾಯಿತು. ತೊಗರಿಕಾಳು ಅಂಗಳದ ತುಂಬ ಚೆಲ್ಲಿತು. ನಾನು ನಗುವುದಕ್ಕೆ ತೆರೆದ ಬಾಯಿ ಹಾಗೇ ಉಳಿಯಿತು.

ಮೌಲಪ್ಪ ಕಮಾನಿನ ನರವನ್ನು ಬಿಚ್ಚಿ ಸುತ್ತಿಟ್ಟ. ಹೊತ್ತು ಮುಳುಗುವ ಮುಂಚೆ ಅವನು ನರ ಬಿಚ್ಚಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲಲ್ಲಿ ನಿಂತು, "ಇಷ್ಟು ತಿಂಗಳ ಬೇಕಾತಲೇ ಬಸ್ಯಾ," ಎಂದ. ಅಷ್ಟೇ.

ಮೂರು ದಿನ ಹುಡುಕಿದೆವು. ಕಡೆಗೆ ಸಿಕ್ಕಿದ್ದು ಮಿಲ್ಲಿನಲ್ಲಿ, ಅದೇ ಅಂಡಿಗೆಗಳ ಹಿಂದೆ, ಅದೇ ಸಂದಿಯಲ್ಲಿ. ಮೌಲಪ್ಪ ಅಲ್ಲೇ ಕಮಾನು ಕಟ್ಟಿ, ಹಿಂಜಲು ಹತ್ತಿಯಿಲ್ಲದೆ ಬರಿಯ ನರವನ್ನು ಟುಂಯ್ ಟುಂಯ್ ಎಂದು ತಟ್ಟುತ್ತ ಕೂತ. ಬಹಳ ಹೊತ್ತಿನ ಮೇಲೆ ನಾಯಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೊರಬಂತು.

ಬಂದಿತೆಂದು ನಾನು ಉಸಿರು ಬಿಟ್ಟೆ. ಆದರೆ ಮರುದಿನ ಸಂಜೆ ಗೊತ್ತಾಯಿತು ನನ್ನ ಕೆಲಸ ಎಂಥಾದ್ದೆಂದು. ಹಗಲೆಲ್ಲ ಹತ್ತಿ ಹಿಂಜಿ ಮೈಯೆಲ್ಲ ಬೆಳ್ಳಗಾಗಿ ಮೌಲಪ್ಪ ಎದ್ದು ನಿಂತ. ಮೆಹಮಾನ ಅವನನ್ನು ನೋಡಿ ಹಲ್ಲು ತೋರಿಸಿ, ನಡುಗುತ್ತ ಗೋಡೆಗೆ ಒತ್ತಿಕೊಂಡಿತು. ಬೆಳ್ಳನೆಯ ಮನುಷ್ಯನೆಂದರೆ ಅದಕ್ಕೆ ಈಗ ನಾನು! ಬೆಳಗಿನ ಮೌಲಪ್ಪ ಬೇಕು, ಸಂಜೆಯ ಮೌಲಪ್ಪ ಬೇಡ. ಚಳಿಗಾಲದಲ್ಲಿ ಸಂಜೆ ನೀರು ಮುಟ್ಟದೆ ಬೆಳಿಗ್ಗೆ ಬಿಸಿಲಿಗೆ ಮೈ ತೊಳೆಯುತ್ತಿದ್ದವನು ಅಂದಿನಿಂದ ಕೋಣೆಗೆ ಹೋಗುವ ಮುನ್ನ ಯಾರದಾದರೂ ಬಾವಿಯಲ್ಲಿ ತಣ್ಣೀರು ಸುರುವಿಕೊಂಡೇ ಹೋಗಬೇಕಾಯಿತು. ಮಾಗಿಯ ಚಳಿ. ಆ ಎದೆಗೆ ಆ ನೀರು. ಅವನ ಕೆಮ್ಮು ನಮ್ಮ ಮನೆಯವರೆಗೂ ಕೇಳುತ್ತಿತ್ತು. ಅವ್ವ ನನಗೆ ರೊಟ್ಟಿ ಬಡಿಸುವಾಗ ಮುಖ ನೋಡುತ್ತಿರಲಿಲ್ಲ.

ನಾನು ಹೋಗಿ ಅವನ ಮುಂದೆ ನಿಂತೆ. ತಪ್ಪಾಯಿತು ಎನ್ನುವುದು ನನಗೆ ರೂಢಿಯಿಲ್ಲದ ಮಾತು. ತೊದಲಿದೆ.

"ಮಾತು ಬ್ಯಾಡ. ಬೆನ್ನು ಕೊಡು," ಎಂದ.

"ಬ್ಯಾರೆ ಯಾರನ್ನಾರ ಕುಂದ್ರಸು ಮೌಲಪ್ಪಾ. ನನ್ನ ಕಂಡ್ರ ಸಾಯ್ತದ ಅದು."

"ಅದಕ್ಕ ನೀನ ಬೇಕು. ಅಂಜಿಸಿದ ಕೈಯೇ ತುತ್ತು ಕೊಡಬೇಕಲೇ. ಬ್ಯಾರೆದವ್ರು ಕೊಟ್ರ ಹೊಟ್ಟಿ ತುಂಬ್ತದ, ಅಂಜಿಕಿ ಹೋಗೂದಿಲ್ಲ. ಹತ್ತಿ ಹಚಗೊಂಡು ಕುಂದ್ರು."

ದಿನಾ ಮಿಲ್ಲಿನ ಕೆಲಸ ಮುಗಿದ ಮೇಲೆ ತಲೆಗೆ, ಮೀಸೆಗೆ, ಅಂಗಿಗೆ ಹತ್ತಿ ಮೆತ್ತಿಕೊಂಡು ಅವನ ಕೋಣೆಯ ಮುಂದೆ, ಬಾಗಿಲಿಗೆ ಬೆನ್ನು ಹಾಕಿ, ರಸ್ತೆಗೆ ಮುಖ ಮಾಡಿ ಕೂತೆ. ರಾಯಚೂರೆಲ್ಲ ಆ ರಸ್ತೆಯಲ್ಲೇ ಹೋಗಬೇಕೆ!

"ಏನಲೇ ಬಸ್ಯಾ, ಮದುಮಗನ್ನ ಮಾಡಿ ಕುಂದ್ರಸ್ಯಾರೇನು?"

"ಕನ್ಯಾ ಹಿಂದ ಅದ ನೋಡ್ರಿ, ನಾಕ ಕಾಲಿಂದು!"

ನಶ್ಯದ ಕಾರಕೂನ ಟಾಂಗಾ ನಿಲ್ಲಿಸಿ, ಇಳಿದು ಬಂದು, ಎದುರಿಗೆ ನಿಂತು ಮನಸ್ಸು ತೃಪ್ತಿಯಾಗುವವರೆಗೆ ನಕ್ಕು ಹೋದ. ನಾನು ಬಾಯಿ ತೆರೆಯುವ ಹಾಗಿಲ್ಲ. ಜೀವಮಾನದಲ್ಲೇ ಶ್ರೇಷ್ಠವಾದ ಉತ್ತರಗಳು ಆ ದಿನಗಳಲ್ಲಿ ನನ್ನ ನಾಲಗೆಯ ತುದಿಗೆ ಬಂದು ಅಲ್ಲೇ ಸತ್ತವು. ಹಿಂದೆ ಒಳಗಿನಿಂದ ಮೌಲಪ್ಪನ ಕೆಮ್ಮು, ಟುಂಯ್ ಟುಂಯ್. ಕೆಲವು ದಿನ ನಾಯಿಯ ಉಗುರಿನ ಸದ್ದು ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಕೆಲವು ದಿನ ಅದೂ ಇಲ್ಲ. ಇಷ್ಟು ಆಸೆಯಿಂದ ನಾನು ಯಾವುದಕ್ಕೂ ಕಾದಿರಲಿಲ್ಲ. ನೋಡದೆ ಕಾಯುವುದಿದೆಯಲ್ಲ, ಅದರ ಹಿಂಸೆ ಬೇರೆಯೇ.

ಹೋಳಿ ಹತ್ತಿರ ಬಂದಿತ್ತು. ಒಂದು ಸಂಜೆ ನೆಲದ ಮೇಲಿದ್ದ ನನ್ನ ಕೈಗೆ ಬಿಸಿ ಉಸಿರು ತಾಕಿತು. ಆಮೇಲೆ ತಣ್ಣನೆಯ ಮೂಗು. ರೊಟ್ಟಿ ಚೂರು ಹೋಯಿತು. ಮೂಗು ಹೋಗಲಿಲ್ಲ. ಮಣಿಕಟ್ಟಿನಿಂದ ಮೊಣಕೈಯವರೆಗೆ ಮೂಸುತ್ತ ಬಂತು. ಬೆನ್ನನ್ನು ಮೂಸಿತು. ಹತ್ತಿ ಮೂಗಿಗೆ ಹೋಗಿ ಸೀನಿತು. ನನಗೆ ನಗು ಬರಬೇಕಿತ್ತು. ಕಣ್ಣಲ್ಲಿ ನೀರು ಬಂದು ಹತ್ತಿಯ ಮೀಸೆಯೊಳಗೆ ಇಳಿಯಿತು.

"ತಿರುಗಬ್ಯಾಡ," ಎಂದಿತು ಹಿಂದಿನಿಂದ ಮೌಲಪ್ಪನ ದನಿ, ಬಹಳ ಮೆಲ್ಲಗೆ. "ತಿರುಗಿದ್ಯಂದ್ರ ಮತ್ತ ಮೊದ್ಲಿಂದ. ಹಂಗೇ ಇರು, ನನ್ನಪ್ಪಾ."

ಆ 'ನನ್ನಪ್ಪಾ' ನಾಯಿಗೋ ನನಗೋ, ಕೇಳಲಿಲ್ಲ. ಮರುದಿನದಿಂದ ಅವನು ಸಂಜೆಯ ತಣ್ಣೀರು ಬಿಟ್ಟ.

ಆದರೆ ಕೆಮ್ಮು ಅವನನ್ನು ಬಿಡಲಿಲ್ಲ. ಬೇಸಿಗೆಯ ಹೊತ್ತಿಗೆ ಕಮಾನು ಎತ್ತಲಾಗದಾಯಿತು. ಸೊಲ್ಲಾಪುರದಿಂದ ಅಳಿಯ ಬಂದ. ಅಲ್ಲಿ ದೊಡ್ಡ ಡಾಕ್ಟರಿದ್ದಾರೆ, ಮಗಳು ನೋಡಿಕೊಳ್ಳುತ್ತಾಳೆ, ನಾಯಿ ಮಾತ್ರ ಸಾಧ್ಯವಿಲ್ಲ ಎಂದ. ಮೌಲಪ್ಪ ನನ್ನ ಕಡೆ ನೋಡಿದ. ನಾನು "ಹೂಂ" ಎಂದೆ.

ಸ್ಟೇಷನ್ನಿಗೆ ಮೆಹಮಾನ ನಡೆದೇ ಬಂತು. ಸಂತೆಯ ದಿನ, ಟಾಂಗಾಗಳು, ಹಮಾಲರು, ಬಿಳಿ ಅಂಗಿಯವರು, ಕೈ ಎತ್ತಿ ಕೂಗುವವರು. ಅದರ ಕಿವಿ ಒಮ್ಮೊಮ್ಮೆ ಹಿಂದಕ್ಕೆ ಹೋಗುತ್ತಿತ್ತು. ಕಾಲು ಮಾತ್ರ ನಿಲ್ಲಲಿಲ್ಲ. ಪ್ಲಾಟ್‌ಫಾರಂ ಮೇಲೆ ಮಾನ್ವಿಯ ಮಾಸ್ತರರು ಸಿಕ್ಕು, ಅಭ್ಯಾಸಬಲದಿಂದ ನಮ್ಮೆಲ್ಲರಿಗೂ ಬೆನ್ನು ತಿರುಗಿಸಿ ನಿಂತು ಕೈಯನ್ನು ಕೆಳಗೆ ಚಾಚಿದರು. ಅದು ಹೋಗಿ ಮೂಸಿ ಬಂತು. ಮೌಲಪ್ಪ ಇದನ್ನೆಲ್ಲ ನೋಡುತ್ತಿದ್ದ. ಹಿಂಜಿದ ಹತ್ತಿಯನ್ನು ಬೆರಳಲ್ಲಿ ಹಿಡಿದು ಗಂಟೇನಾದರೂ ಉಳಿದಿದೆಯೇ ಎಂದು ನೋಡುವಾಗಿನ ನೋಟವೇ ಅದು.

ರೈಲು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ಕೂತವನು ನಮಗೆ ಬೆನ್ನು ಹಾಕಿದ.

"ಮೌಲಪ್ಪಾ!" ಎಂದೆ.

"ಕರೀಬ್ಯಾಡಲೇ," ಎಂದ, ತಿರುಗದೆ. "ನಾ ನೋಡಿದ್ರ ಅದು ಹಿಂದ ಓಡ್ತದ. ನೀನೂ ತಿರುಗಿ ಕುಂದ್ರು. ಕೈ ನೆಲಕ್ಕಿಡು."

ಪ್ಲಾಟ್‌ಫಾರಂ ಮೇಲೆ, ಅಷ್ಟು ಜನರ ನಡುವೆ, ರೈಲಿಗೆ ಬೆನ್ನು ಹಾಕಿ ಕೂತೆ. ಕೈ ನೆಲಕ್ಕಿಟ್ಟೆ. ಶಿಳ್ಳೆಯಾಯಿತು. ಗಾಲಿಗಳು ಹೊರಟ ಸದ್ದು. ನಾಯಿಯ ಉಗುರುಗಳು ರೈಲಿನ ಜೊತೆ ಓಡಿದ ಸದ್ದು ದೂರ ದೂರ ಹೋಯಿತು. ನಾನು ತಿರುಗಲಿಲ್ಲ. ರೈಲಿನ ಸದ್ದು ಪೂರ್ತಿ ಅಡಗಿದ ಮೇಲೂ ತಿರುಗಲಿಲ್ಲ. ಬಹಳ ಹೊತ್ತಾದ ಮೇಲೆ ಏದುಸಿರು ಕೇಳಿಸಿತು. ನನ್ನ ಬೆನ್ನಿಗೆ ಬೆನ್ನು ಹಚ್ಚಿ, ಹಳಿಗಳ ಕಡೆ ಮುಖ ಮಾಡಿ ಅದು ಕೂತುಕೊಂಡಿತು.

ಹೀಗಾಗಿ ಕೊನೆಯ ಸಲ ಮೌಲಪ್ಪನ ಮುಖವನ್ನು ನಾನು ನೋಡಲಿಲ್ಲ. ಬೆನ್ನನ್ನಷ್ಟೇ ನೋಡಿದೆ.

ಮಳೆಗಾಲದಲ್ಲಿ ಒಂದು ಕಾರ್ಡು ಬಂತು, ಯಾರಿಂದಲೋ ಬರೆಸಿದ್ದು. 'ಮೆಹಮಾನರು ಉಂಡರೇ?' ಎಂಬ ಒಂದೇ ಸಾಲು. ಉಂಡರು, ಅವ್ವನ ಕೈಯಲ್ಲಿ ಉಂಡರು, ಕಾರಕೂನನ ಕೈಯಲ್ಲಿ ಉಂಡರು, ನಿಮ್ಮ ಬಸ್ಯಾನ ಕೈಯಲ್ಲಂತೂ ಅವನ ಪಾಲನ್ನೂ ಸೇರಿಸಿ ಉಣ್ಣುತ್ತಾರೆ ಎಂದು ಎರಡು ಹಾಳೆ ಬಡಾಯಿ ಕೊಚ್ಚಿ ಬರೆದೆ. ಉತ್ತರ ಬರಲಿಲ್ಲ. ಮತ್ತೊಂದು ಬರೆದೆ. ಬರಲಿಲ್ಲ. ನಾಯಿ ನನ್ನ ಮದುವೆ ನೋಡಿತು, ನನ್ನ ಮೊದಲ ಮಗಳನ್ನು ನೋಡಿತು, ಎಂಟು ವರ್ಷ ನಮ್ಮ ಅಂಗಳದಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿತು. ಯಾರಾದರೂ ಪಿಂಜಾರ ಓಣಿಗೆ ಬಂದು ಕಮಾನು ತಟ್ಟಿದರೆ ಎದ್ದು ಬಾಗಿಲವರೆಗೆ ಓಡಿ, ಮುಖ ನೋಡಿ, ಹಿಂದಿರುಗುತ್ತಿತ್ತು. ಅದರ ಹಿಂದೆ ನಾನೂ.

ಈಗ ಹತ್ತಿಯ ಗಾದಿಗಳಿಲ್ಲ, ಕಮಾನಿನ ಸದ್ದೂ ಇಲ್ಲ. ಸಂಜೆ ಕಟ್ಟೆಯ ಮೇಲೆ ರಸ್ತೆಗೆ ಬೆನ್ನು ಹಾಕಿ, ಒಂದು ಕೈ ಕೆಳಗಿಟ್ಟು ಕೂರುತ್ತೇನೆ. "ಎಲ್ಲಾರೂ ರಸ್ತಾ ನೋಡಕೋತ ಕುಂದ್ರತಾರ, ನೀ ಯಾಕಜ್ಜಾ ಗ್ವಾಡಿ ನೋಡಕೋತ ಕುಂತಿ?" ಎಂದು ಮೊಮ್ಮಗಳು ಕೇಳುತ್ತಾಳೆ. ಸೊಂಟ ನೋವು ಎಂದು ಸುಳ್ಳು ಹೇಳುತ್ತೇನೆ. ಸುಳ್ಳು ಹೇಳುವುದರಲ್ಲಿ ಇವತ್ತಿಗೂ ನನ್ನನ್ನು ಮೀರಿಸಿದವರಿಲ್ಲ.

ಕೆಲವೊಮ್ಮೆ ಹಿಂದೆ ಯಾರೋ ಕೆಮ್ಮುತ್ತಾರೆ. ದಾರಿಹೋಕರು ಇರಬಹುದು.

ನಾನು ತಿರುಗುವುದಿಲ್ಲ.